ಟೆಕ್ಸಾಸ್ ಕನ್ನಡಿಗರಿಗೆ: ‘ಡಿಫರ್ಡ್’ಗೆ ಸಹಿ ಹಾಕುವ ಮುನ್ನ

ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಸುತ್ತಮುತ್ತ ಓದುತ್ತಿರುವ, ದುಡಿಯುತ್ತಿರುವ ಕನ್ನಡದ ಮಕ್ಕಳಿಗೆ, ಗ್ರೀನ್ ಕಾರ್ಡಿನ ಸರದಿಗಾಗಿ ವರ್ಷಗಟ್ಟಲೆ ಕಾದಿರುವ ಸಂಸಾರವಂದಿಗರಿಗೆ, ಊರಿನಲ್ಲಿರುವ ನಿಮ್ಮ ತಂದೆತಾಯಂದಿರಿಗೆ ಈ ಪತ್ರ.

ಒಂದು ಮಾತು ನಮ್ಮವರ ನಡುವೆ ಬಾಯಿಂದ ಬಾಯಿಗೆ ಹೋಗುತ್ತಿದೆ. ‘ಡಿಫರ್ಡ್ ತಗೊಂಡುಬಿಡು, ಕೇಸು ಡಿಸ್ಮಿಸ್ ಆಗುತ್ತೆ, ರೆಕಾರ್ಡ್ ಉಳಿಯಲ್ಲ.’ ರೂಮ್‌ಮೇಟ್ ಹೇಳುತ್ತಾನೆ, ಕಾಲೇಜಿನ ಸೀನಿಯರ್ ಹೇಳುತ್ತಾನೆ, ಬೇಗ ಫೈಲು ಮುಗಿಸುವ ಅವಸರದಲ್ಲಿರುವ ಕೆಲವು ವಕೀಲರೂ ಹೇಳುತ್ತಾರೆ. ಯಾರೂ ಕೇಡು ಬಯಸಿ ಹೇಳುವುದಿಲ್ಲ. ಆದರೆ ಆ ಮಾತಿನಲ್ಲಿ ಕೇಸು ಡಿಸ್ಮಿಸ್ ಆಗುತ್ತದೆ ಎಂಬುದಷ್ಟೇ ನಿಜ. ರೆಕಾರ್ಡ್ ಉಳಿಯುತ್ತದೆ. ಅಮೆರಿಕದ ಪ್ರಜೆಯಲ್ಲದವರ ಪಾಲಿಗಂತೂ ಅದು ಇಮಿಗ್ರೇಷನ್ ಕಾನೂನಿನ ಕಣ್ಣಿನಲ್ಲಿ ಅಪರಾಧ ಸಾಬೀತಾದ ಕೇಸೇ ಆಗಿ ಉಳಿಯುತ್ತದೆ. ಸಹಿ ಹಾಕಿದ ಮೇಲೆ ಇದನ್ನು ತಿಳಿದು ಕಣ್ಣೀರಿಟ್ಟವರ ಪಕ್ಕದಲ್ಲಿ ನಾನು ಕೂತಿದ್ದೇನೆ. ನಾನು ವಕೀಲೆಯಲ್ಲ, ಈ ಪತ್ರ ವಕೀಲರ ಸಲಹೆಯ ಜಾಗವನ್ನು ತುಂಬುವುದೂ ಇಲ್ಲ. ವಕೀಲರ ಮುಂದೆ ಕೂತಾಗ ಏನು ಕೇಳಬೇಕು ಎಂಬುದು ನಿಮಗೆ ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ.

ಮೊದಲು ವ್ಯವಸ್ಥೆ ಹೇಗಿದೆ ನೋಡಿ. ಟೆಕ್ಸಾಸ್‌ನ ದಂಡ ಪ್ರಕ್ರಿಯಾ ಸಂಹಿತೆಯ 42ಎ ಅಧ್ಯಾಯದಲ್ಲಿ ಡಿಫರ್ಡ್ ಅಡ್ಜುಡಿಕೇಷನ್ ಬರುತ್ತದೆ. ಆರೋಪಿಯು ‘ಗಿಲ್ಟಿ’ ಅಥವಾ ‘ನೋ ಕಾಂಟೆಸ್ಟ್’ ಎಂದು ಜಡ್ಜ್ ಮುಂದೆ ಹೇಳಬೇಕು, ಇದನ್ನೇ ಪ್ಲೀ ಎನ್ನುತ್ತಾರೆ. ಜಡ್ಜ್ ಸಾಕ್ಷ್ಯವನ್ನು ನೋಡಿ, ಅಪರಾಧ ನಡೆದಿದೆ ಎನ್ನಲು ಇಷ್ಟು ಸಾಕು ಎಂದು ಮನವರಿಕೆಯಾದ ಮೇಲೂ, ದೋಷಿ ಎಂಬ ತೀರ್ಪನ್ನು ಬರೆಯದೆ ತಡೆಹಿಡಿದು, ಆರೋಪಿಯನ್ನು ಪ್ರೊಬೇಷನ್ ಅಧಿಕಾರಿಯ ಮೇಲ್ವಿಚಾರಣೆಗೆ ಒಪ್ಪಿಸುತ್ತಾರೆ. ಮಿಸ್‌ಡಿಮೀನರ್ ಎನ್ನುವ ಸಣ್ಣ ಅಪರಾಧಕ್ಕೆ ಹೆಚ್ಚೆಂದರೆ 2 ವರ್ಷ, ಫೆಲನಿ ಎನ್ನುವ ದೊಡ್ಡದಕ್ಕೆ ಹೆಚ್ಚೆಂದರೆ 10 ವರ್ಷ. ಆ ಅವಧಿಯಲ್ಲಿ ಹೇಳಿದ ದಿನ ಹಾಜರಾಗಬೇಕು, ಶುಲ್ಕ ಕಟ್ಟಬೇಕು, ಸಮುದಾಯ ಸೇವೆ ಮಾಡಬೇಕು, ಕರೆದಾಗ ಮೂತ್ರ ಪರೀಕ್ಷೆಗೆ ಹೋಗಬೇಕು. ಎಲ್ಲವನ್ನೂ ಪೂರೈಸಿದರೆ ಜಡ್ಜ್ ಕೇಸನ್ನು ಡಿಸ್ಮಿಸ್ ಮಾಡುತ್ತಾರೆ. ಟೆಕ್ಸಾಸ್ ರಾಜ್ಯದ ಮಟ್ಟಿಗೆ, ಕೆಲವು ಸಂದರ್ಭಗಳನ್ನು ಬಿಟ್ಟರೆ, ನೀವು ಅಪರಾಧಿ ಎಂದು ತೀರ್ಪಾದವರಲ್ಲ. ‘ನೋ ಕಾಂಟೆಸ್ಟ್’ ಎಂದರೆ ತಪ್ಪು ಒಪ್ಪಿಕೊಂಡಂತಲ್ಲ ಎಂದು ಅನೇಕರು ಸಮಾಧಾನ ಪಟ್ಟುಕೊಳ್ಳುತ್ತಾರೆ. ಕ್ರಿಮಿನಲ್ ಕೋರ್ಟಿನಲ್ಲಾಗಲಿ ಇಮಿಗ್ರೇಷನ್‌ನಲ್ಲಾಗಲಿ ‘ಗಿಲ್ಟಿ’ ಎಂದರೂ ‘ನೋ ಕಾಂಟೆಸ್ಟ್’ ಎಂದರೂ ಪರಿಣಾಮ ಒಂದೇ.

ಊರಿನಲ್ಲಿರುವ ಹಿರಿಯರ ಕಿವಿಗೆ ಇದು ರಾಜಿಯಂತೆ ಕೇಳಿಸುತ್ತದೆ. ನಮ್ಮ ಕಡೆ ರಾಜಿಗೆ ಅವಕಾಶವಿರುವ ಕೇಸನ್ನು ಕೋರ್ಟಿನಲ್ಲಿ ರಾಜಿ ಮಾಡಿಕೊಂಡರೆ ಕಾನೂನಿನ ಪ್ರಕಾರ ಆರೋಪಿ ಖುಲಾಸೆಯಾದಂತೆಯೇ. ಆ ಅನುಭವದಿಂದಲೇ ನೀವು ‘ಮುಗೀತಲ್ಲ ಬಿಡು ಮಗಾ, ಸಹಿ ಹಾಕಿ ಮನೆಗೆ ಹೋಗು’ ಎನ್ನುತ್ತೀರಿ. ದಯವಿಟ್ಟು ಮಕ್ಕಳನ್ನು ಹಾಗೆ ಅವಸರಪಡಿಸಬೇಡಿ. ಇಲ್ಲಿ ಎದುರಿಗೆ ನಿಂತಿರುವುದು ಅಂಗಡಿಯ ಮಾಲೀಕನೂ ಅಲ್ಲ, ಜಗಳವಾಡಿದ ಹೆಂಡತಿಯೂ ಅಲ್ಲ, ಟೆಕ್ಸಾಸ್ ರಾಜ್ಯ. ಸಾಮಾನಿನ ದುಡ್ಡು ಕೊಟ್ಟೆ, ಕ್ಷಮೆ ಕೇಳಿದೆ ಎಂದ ಮಾತ್ರಕ್ಕೆ ಅದು ಕೇಸು ಕೈಬಿಡುವುದಿಲ್ಲ.

ಒಬ್ಬ ವಿದ್ಯಾರ್ಥಿಯನ್ನು ಊಹಿಸಿಕೊಳ್ಳಿ. ಎಂಎಸ್ ಮಾಡಲು ಬಂದವನು. ಸೂಪರ್ ಮಾರ್ಕೆಟ್ಟಿನ ಸೆಲ್ಫ್ ಚೆಕ್‌ಔಟ್‌ನಲ್ಲಿ ಕೆಲವು ಸಾಮಾನುಗಳನ್ನು ಸ್ಕ್ಯಾನ್ ಮಾಡದೆ ಚೀಲಕ್ಕೆ ಹಾಕಿಕೊಂಡ. ಬೆಲೆ 150 ಡಾಲರ್. ಟೆಕ್ಸಾಸ್‌ನಲ್ಲಿ 100 ಡಾಲರ್‌ನಿಂದ 750 ಡಾಲರ್ ಒಳಗಿನ ಕಳ್ಳತನ ಕ್ಲಾಸ್ ಬಿ ಮಿಸ್‌ಡಿಮೀನರ್. 180 ದಿನಗಳವರೆಗೆ ಜೈಲು, 2,000 ಡಾಲರ್‌ವರೆಗೆ ದಂಡ. ಪೊಲೀಸರು ಕರೆದೊಯ್ದರು, ಬೆರಳಚ್ಚು ಮತ್ತು ಫೋಟೊ ತೆಗೆದುಕೊಂಡರು, ಬಾಂಡ್ ಮೇಲೆ ಹೊರಬಂದ. ಅಷ್ಟರಲ್ಲಿ ಅವನ ಹೆಸರು ಪೊಲೀಸ್ ಠಾಣೆಯಲ್ಲಿ, ಕೌಂಟಿ ಜೈಲಿನಲ್ಲಿ, ರಾಜ್ಯದ ಸಾರ್ವಜನಿಕ ಸುರಕ್ಷತಾ ಇಲಾಖೆಯ ಕ್ರಿಮಿನಲ್ ಇತಿಹಾಸದ ಕಡತದಲ್ಲಿ, ಬೆರಳಚ್ಚಿನ ಮೂಲಕ ಎಫ್‌ಬಿಐನಲ್ಲಿ ಸೇರಿಹೋಗಿರುತ್ತದೆ. ಕೇಸು ದಾಖಲಾದ ಮೇಲೆ ಕೋರ್ಟಿನ ಕ್ಲರ್ಕ್ ಕಚೇರಿಯ ಕಡತವೂ ಸೇರಿಕೊಳ್ಳುತ್ತದೆ, ಅದು ಸಾರ್ವಜನಿಕರಿಗೆ ತೆರೆದಿರುವ ಕಡತ. ಬ್ಯಾಕ್‌ಗ್ರೌಂಡ್ ಚೆಕ್ ಮಾಡುವ ಕಂಪನಿಗಳು ಇಂಥ ಕಡತಗಳ ಪ್ರತಿಗಳನ್ನು ಕೊಂಡು ತಮ್ಮಲ್ಲಿ ಇಟ್ಟುಕೊಳ್ಳುತ್ತವೆ.

ಕೆಲವು ತಿಂಗಳ ನಂತರ ಪ್ರಾಸಿಕ್ಯೂಟರ್ ಡಿಫರ್ಡ್ ಕೊಡುತ್ತೇನೆ ಎನ್ನುತ್ತಾರೆ. ಹುಡುಗ ಒಪ್ಪುತ್ತಾನೆ, ನಿಷ್ಠೆಯಿಂದ ಮುಗಿಸುತ್ತಾನೆ, ಕೇಸು ಡಿಸ್ಮಿಸ್ ಆಗುತ್ತದೆ. ಈಗ ಅವನ ದಾಖಲೆಯಲ್ಲಿ ಏನೇನಿದೆ? ಬಂಧನ ಇದೆ. ಆರೋಪ ಇದೆ. ತಪ್ಪೊಪ್ಪಿಗೆ ಇದೆ. ಡಿಫರ್ಡ್ ಕೊಟ್ಟ ಆದೇಶ ಇದೆ. ಎಲ್ಲದರ ಕೆಳಗೆ ಡಿಸ್ಮಿಸ್ ಎಂಬ ಒಂದು ಸಾಲು ಇದೆ. ಆ ಸಾಲು ಮೇಲಿನ ಯಾವುದನ್ನೂ ಅಳಿಸಿಲ್ಲ. ದಾಖಲೆಯನ್ನೇ ಇಲ್ಲವಾಗಿಸುವ ಎಕ್ಸ್‌ಪಂಕ್ಷನ್ ಎಂಬ ಆದೇಶ ಟೆಕ್ಸಾಸ್‌ನಲ್ಲಿ ಉಂಟು. ಖುಲಾಸೆಯಾದವರಿಗೆ ಅದು ಸಿಗುತ್ತದೆ. ಡಿಫರ್ಡ್ ಅಡ್ಜುಡಿಕೇಷನ್ ಮುಗಿಸಿದವರಿಗೆ ಸಿಗುವುದಿಲ್ಲ. ಬರೀ ದಂಡದಲ್ಲಿ ಮುಗಿಯುವ ಕ್ಲಾಸ್ ಸಿ ಅಪರಾಧಗಳಿಗೆ ಮಾತ್ರ ಆ ದಾರಿ ತೆರೆದಿದೆ. ಟ್ರಾಫಿಕ್ ಟಿಕೆಟ್‌ಗೆ ‘ಡಿಫರ್ಡ್’ ತೆಗೆದುಕೊಂಡು ರೆಕಾರ್ಡ್ ಸ್ವಚ್ಛವಾಯಿತು ಎನ್ನುವ ಗೆಳೆಯ ಸುಳ್ಳು ಹೇಳುತ್ತಿಲ್ಲ. ಅವನು ಹೇಳುತ್ತಿರುವುದು ಬೇರೆಯೇ ಒಂದು ವ್ಯವಸ್ಥೆಯ ಬಗ್ಗೆ.

ಆಫರ್ ಲೆಟರ್ ಬಂದು, ಬ್ಯಾಕ್‌ಗ್ರೌಂಡ್ ಚೆಕ್‌ಗೆ ಒಪ್ಪಿಗೆ ಕೊಟ್ಟ ಮೇಲೆ, ಎಚ್‌ಆರ್‌ನವರ ಕೈಗೆ ಸಿಗುವ ವರದಿಯಲ್ಲಿ ಕಳ್ಳತನ ಎಂಬ ಪದ ಮೊದಲು ಕಾಣುತ್ತದೆ. ಅದನ್ನು ಓದುವವರಿಗೆ ಡಿಫರ್ಡ್ ಎಂದರೇನು ಎಂದು ತಿಳಿದಿರಲೇಬೇಕೆಂದೇನೂ ಇಲ್ಲ. ಕಾನೂನು ನಿಮ್ಮನ್ನು ಪೂರ್ತಿ ಕೈಬಿಟ್ಟಿಲ್ಲ. ಫೇರ್ ಕ್ರೆಡಿಟ್ ರಿಪೋರ್ಟಿಂಗ್ ಆ್ಯಕ್ಟ್ ಪ್ರಕಾರ, ವರದಿಯನ್ನು ಆಧರಿಸಿ ಕೆಲಸ ನಿರಾಕರಿಸುವ ಮುನ್ನ ಅದರ ಪ್ರತಿಯನ್ನು ನಿಮಗೆ ಕೊಡಬೇಕು. ತಪ್ಪಿದ್ದರೆ ನೀವು ತಕರಾರು ಸಲ್ಲಿಸಬಹುದು. ಡಿಸ್ಮಿಸ್ ಆದದ್ದನ್ನು ನಮೂದಿಸದ ವರದಿ ತಪ್ಪು ವರದಿ, ಬಿಡಬೇಡಿ. ಏಳು ವರ್ಷಕ್ಕಿಂತ ಹಳೆಯ ಬಂಧನದ ವಿವರ ವರದಿಯಲ್ಲಿ ಬರಬಾರದು ಎಂಬ ನಿಯಮವೂ ಅದರಲ್ಲಿದೆ. ಆದರೆ ವರ್ಷಕ್ಕೆ 75,000 ಡಾಲರ್ ಅಥವಾ ಅದಕ್ಕೂ ಮೇಲಿನ ಸಂಬಳದ ಕೆಲಸಕ್ಕೆ ಆ ರಕ್ಷಣೆ ಇಲ್ಲ. ಐಟಿಯಲ್ಲಿರುವ ನಮ್ಮ ಮಕ್ಕಳ ಸಂಬಳ ಹೆಚ್ಚಾಗಿ ಅದರ ಮೇಲೆಯೇ ಇರುತ್ತದೆ. ಅಪರಾಧದ ಸ್ವರೂಪ, ಕಳೆದ ಕಾಲ, ಕೆಲಸಕ್ಕೂ ಅದಕ್ಕೂ ಇರುವ ಸಂಬಂಧ, ಇವನ್ನೆಲ್ಲ ತೂಗಿ ನೋಡಿ ಎಂದು ಸಮಾನ ಉದ್ಯೋಗಾವಕಾಶ ಆಯೋಗ 2012ರಲ್ಲಿ ಉದ್ಯೋಗದಾತರಿಗೆ ಹೇಳಿತು. 2016ರಲ್ಲಿ ಆಸ್ಟಿನ್ ನಗರ, ಷರತ್ತಿನ ಆಫರ್ ಕೊಡುವ ತನಕ ಅಭ್ಯರ್ಥಿಯ ಕ್ರಿಮಿನಲ್ ಇತಿಹಾಸ ಕೇಳಬಾರದು ಎಂಬ ನಿಯಮ ತಂದಿತು. ಇವೆಲ್ಲ ಒಳ್ಳೆಯವೇ. ಆದರೆ ಆಫರ್ ಆದ ಮೇಲೆ ಕೇಳುತ್ತಾರಲ್ಲ.

ಕನ್ಸಲ್ಟಿಂಗ್ ಕಂಪನಿಗಳ ಮೂಲಕ ದುಡಿಯುವವರಿಗೆ ಕಷ್ಟ ಇನ್ನೂ ಹೆಚ್ಚು. ಕಂಪನಿ ಒಮ್ಮೆ ಒಪ್ಪಿದರೆ ಮುಗಿಯಲಿಲ್ಲ. ಕ್ಲೈಂಟ್ ಬದಲಾದಂತೆಲ್ಲ ಹೊಸ ಚೆಕ್. ಕ್ಲೈಂಟ್ ಬ್ಯಾಂಕ್ ಆಗಿದ್ದರೆ ಠೇವಣಿ ವಿಮಾ ಕಾಯ್ದೆಯ 19ನೇ ಸೆಕ್ಷನ್ ಅಡ್ಡ ಬರುತ್ತದೆ. ಮೋಸ, ಕಳ್ಳತನ, ನಂಬಿಕೆದ್ರೋಹದ ಕೇಸಿನಲ್ಲಿ ಅಪರಾಧ ಸಾಬೀತಾದವರನ್ನಷ್ಟೇ ಅಲ್ಲ, ಅಂಥ ಕೇಸಿನಲ್ಲಿ ಷರತ್ತು ಪೂರೈಸಿ ಕೇಸು ಮುಗಿಸಿಕೊಳ್ಳುವ ಡೈವರ್ಷನ್ ಅಥವಾ ಅದರಂಥ ಏರ್ಪಾಡಿಗೆ ಒಪ್ಪಿಕೊಂಡವರನ್ನೂ ಅದು ಬ್ಯಾಂಕಿನ ಕೆಲಸದಿಂದ ದೂರ ಇಡುತ್ತದೆ. 2022ರ ಕೊನೆಯಲ್ಲಿ ತಂದ ತಿದ್ದುಪಡಿ ಹಳೆಯ ಮತ್ತು ಸಣ್ಣ ಪ್ರಕರಣಗಳಿಗೆ ಇದನ್ನು ಸಡಿಲಿಸಿದೆ. ಆದರೂ ಹೊಸ ಕೇಸಿನವರಿಗೆ ಕಷ್ಟ ತಪ್ಪಿಲ್ಲ. ಇದರ ಜೊತೆಗೆ ವೀಸಾದ ಗಡಿಯಾರವೂ ಓಡುತ್ತಿರುತ್ತದೆ. ಓದು ಮುಗಿಸಿದವರು ಕೆಲಸ ಮಾಡುವ ಒಪಿಟಿಯಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ಕೆಲಸವಿಲ್ಲದೆ ಇರುವಂತಿಲ್ಲ. ಎಚ್-1ಬಿ ಕೆಲಸ ಹೋದರೆ ಹೆಚ್ಚೆಂದರೆ 60 ದಿನದ ಅವಕಾಶ. ಅಮೆರಿಕದ ಪ್ರಜೆಯಾದ ಹುಡುಗನಿಗೆ ಒಂದು ಕಂಪನಿ ಬೇಡ ಎಂದರೆ ಇನ್ನೊಂದರ ಬಾಗಿಲು ತಟ್ಟಲು ಸಮಯವಿದೆ. ನಮ್ಮ ಹುಡುಗನಿಗೆ ಎರಡು ಕಂಪನಿ ಬೇಡ ಎನ್ನುವಷ್ಟರಲ್ಲಿ ದಿನ ಮುಗಿದಿರುತ್ತದೆ.

ಈಗ ಮುಖ್ಯವಾದ ಸಂಗತಿ. 1996ರಲ್ಲಿ ಅಮೆರಿಕದ ಸಂಸತ್ತು ವಲಸೆ ಕಾನೂನನ್ನು ಬಿಗಿ ಮಾಡಿದಾಗ, ಯಾವುದನ್ನು ಅಪರಾಧ ಸಾಬೀತಾದ ಕೇಸು ಎನ್ನಬೇಕು ಎಂಬುದನ್ನು ಆ ಕಾನೂನಿನೊಳಗೇ ಬರೆದಿಟ್ಟಿತು. ಕೋರ್ಟು ದೋಷಿ ಎಂಬ ತೀರ್ಪನ್ನು ತಡೆಹಿಡಿದಿದ್ದರೂ ಸರಿಯೇ. ಆರೋಪಿಯು ಗಿಲ್ಟಿ ಅಥವಾ ನೋ ಕಾಂಟೆಸ್ಟ್ ಎಂದಿದ್ದು, ಇಲ್ಲವೇ ತಪ್ಪಿತಸ್ಥ ಎನ್ನಲು ಸಾಕಾಗುವಷ್ಟು ಸಂಗತಿಗಳನ್ನು ಒಪ್ಪಿಕೊಂಡಿದ್ದು, ಜಡ್ಜ್ ಯಾವುದಾದರೂ ಬಗೆಯ ಶಿಕ್ಷೆ ಅಥವಾ ನಿರ್ಬಂಧ ಹಾಕಿದ್ದರೆ ಅಷ್ಟು ಸಾಕು. ಟೆಕ್ಸಾಸ್ ಡಿಫರ್ಡ್‌ನಲ್ಲಿ ಒಪ್ಪಿಗೆಯೂ ಇದೆ, ಪ್ರೊಬೇಷನ್ ಎಂಬ ನಿರ್ಬಂಧವೂ ಇದೆ. 1998ರಲ್ಲಿ ವಲಸೆ ಮೇಲ್ಮನವಿ ಮಂಡಳಿ, 1999ರಲ್ಲಿ ಟೆಕ್ಸಾಸ್ ಮೇಲೆ ಅಧಿಕಾರವಿರುವ ಫಿಫ್ತ್ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ, ಎರಡೂ ಇದನ್ನು ಸ್ಪಷ್ಟವಾಗಿ ಹೇಳಿವೆ. ಒಂದೇ ಕಾಗದ ಟೆಕ್ಸಾಸ್ ಕೋರ್ಟಿನಲ್ಲಿ ನಿಮ್ಮನ್ನು ಅಪರಾಧಿಯಲ್ಲ ಎನ್ನುತ್ತದೆ; ಅದನ್ನೇ ಇಮಿಗ್ರೇಷನ್ ಜಡ್ಜ್ ಮುಂದೆ ಇಟ್ಟರೆ ಅಪರಾಧಿ ಎನ್ನುತ್ತದೆ. ನನ್ನ ಮಟ್ಟಿಗೆ ಇದು ಅನ್ಯಾಯ. ರಾಜ್ಯ ಕೊಟ್ಟ ಎರಡನೇ ಅವಕಾಶವನ್ನು ಒಕ್ಕೂಟ ಸರ್ಕಾರ ಕಸಿದುಕೊಂಡಂತೆ. ಆದರೆ ಅನ್ಯಾಯ ಎಂದು ಹೇಳಿಕೊಂಡ ಮಾತ್ರಕ್ಕೆ ನಿಮ್ಮ ಕೇಸಿಗೆ ಏನೂ ಆಗುವುದಿಲ್ಲ. ಇದು ಸುಮಾರು ಮೂವತ್ತು ವರ್ಷಗಳಿಂದ ನಡೆದುಬಂದಿರುವ ಕಾನೂನು.

ಹಾಗಂತ ಡಿಫರ್ಡ್ ಪಡೆದ ಪ್ರತಿಯೊಬ್ಬರನ್ನೂ ಗಡೀಪಾರು ಮಾಡುತ್ತಾರೆ ಎಂದು ತಿಳಿಯಬೇಡಿ. ಯಾವ ಅಪರಾಧ, ಅದಕ್ಕೆ ಗರಿಷ್ಠ ಶಿಕ್ಷೆ ಎಷ್ಟು, ದೇಶಕ್ಕೆ ಬಂದು ಎಷ್ಟು ವರ್ಷವಾಯಿತು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಕಳ್ಳತನವನ್ನು ನೈತಿಕ ಅಧಃಪತನದ ಅಪರಾಧಗಳ ಸಾಲಿಗೆ ಸೇರಿಸುತ್ತಾರೆ. ದೇಶಕ್ಕೆ ಪ್ರವೇಶ ಪಡೆದ ಐದು ವರ್ಷದೊಳಗೆ ಅಂಥದ್ದೊಂದು ನಡೆದು, ಅದಕ್ಕೆ ಒಂದು ವರ್ಷ ಅಥವಾ ಹೆಚ್ಚಿನ ಶಿಕ್ಷೆ ವಿಧಿಸಲು ಕಾನೂನಿನಲ್ಲಿ ಅವಕಾಶವಿದ್ದರೆ ಗಡೀಪಾರು ಮಾಡಬಹುದು. ನಮ್ಮ ಊಹೆಯ ಹುಡುಗನದು 180 ದಿನದ ಕ್ಲಾಸ್ ಬಿ, ಆದ್ದರಿಂದ ಈ ಒಂದು ಕಲಮಿನಿಂದ ಅವನು ಪಾರು. ಅದೇ ಸಾಮಾನಿನ ಬೆಲೆ 750 ಡಾಲರ್ ಮುಟ್ಟಿದರೆ ಅದು ಕ್ಲಾಸ್ ಎ; ಗರಿಷ್ಠ ಶಿಕ್ಷೆ ಒಂದು ವರ್ಷ. ಒಂದು ದಿನವೂ ಜೈಲಿನಲ್ಲಿ ಕಳೆಯದಿದ್ದರೂ ಅವನು ಗಡೀಪಾರಿನ ಕಲಮಿನೊಳಗೆ ಬೀಳುತ್ತಾನೆ. ಈ ಒಂದು ದಿನದ ಅಂತರಕ್ಕಾಗಿಯೇ ವಾಷಿಂಗ್ಟನ್, ಕ್ಯಾಲಿಫೋರ್ನಿಯ, ನ್ಯೂಯಾರ್ಕ್ ರಾಜ್ಯಗಳು ಇಂಥ ಅಪರಾಧಗಳ ಗರಿಷ್ಠ ಶಿಕ್ಷೆಯನ್ನು 364 ದಿನಕ್ಕೆ ಇಳಿಸಿಕೊಂಡವು. ಟೆಕ್ಸಾಸ್ ಇಳಿಸಿಲ್ಲ. ಇಂಥವು ಬೇರೆ ಬೇರೆ ಎರಡಾದರೆ ಐದು ವರ್ಷದ ಲೆಕ್ಕವೂ ಇಲ್ಲ, ಒಂದು ವರ್ಷದ ಲೆಕ್ಕವೂ ಇಲ್ಲ. ಆದ್ದರಿಂದ ಪ್ರಾಸಿಕ್ಯೂಟರ್ ಜೊತೆ ಮಾತಾಡುವಾಗ ಡಿಫರ್ಡ್ ಎಷ್ಟು ತಿಂಗಳು ಎಂಬುದಕ್ಕಿಂತ ಯಾವ ಆರೋಪಕ್ಕೆ, ಯಾವ ಕ್ಲಾಸಿಗೆ ಒಪ್ಪಿಕೊಳ್ಳುತ್ತಿದ್ದೀರಿ ಎಂಬುದು ದೊಡ್ಡ ಪ್ರಶ್ನೆ. ವಕೀಲರಿಗೆ ಇದನ್ನು ಬಾಯಿ ಬಿಟ್ಟು ಹೇಳಿ.

ಮಾದಕ ವಸ್ತುವಿನ ವಿಷಯದಲ್ಲಿ ಕಾನೂನು ಇನ್ನೂ ಕಠೋರ. ಸ್ವಂತ ಬಳಕೆಗೆ ಇಟ್ಟುಕೊಂಡ 30 ಗ್ರಾಂ ಒಳಗಿನ ಗಾಂಜಾದ ಒಂದೇ ಒಂದು ಪ್ರಕರಣ ಬಿಟ್ಟರೆ, ಮಾದಕ ವಸ್ತುವಿನ ಯಾವುದೇ ಕೇಸು ಗಡೀಪಾರಿಗೆ ದಾರಿ. ಕೊಲೊರಾಡೊದಲ್ಲೊ ನ್ಯೂ ಮೆಕ್ಸಿಕೊದಲ್ಲೊ ಅಂಗಡಿಯಿಂದಲೇ ಕೊಂಡ ಟಿಎಚ್‌ಸಿ ವೇಪ್ ಪೆನ್ ಟೆಕ್ಸಾಸ್‌ನಲ್ಲಿ ಫೆಲನಿ, ಒಂದು ಗ್ರಾಂಗಿಂತ ಕಡಿಮೆ ಇದ್ದರೂ ಸಹ. ರಸ್ತೆ ಪ್ರವಾಸ ಮುಗಿಸಿ ಬರುವಾಗ ಗೆಳೆಯನ ಬ್ಯಾಗಿನಲ್ಲಿದ್ದದ್ದನ್ನು ಕೈಗೆತ್ತಿಕೊಳ್ಳುವ ಮೊದಲು ಇದು ನೆನಪಿರಲಿ. ಕುಡಿದು ಗಾಡಿ ಓಡಿಸಿದ ಕೇಸುಗಳಿಗೆ ಬಹುಕಾಲ ಟೆಕ್ಸಾಸ್‌ನಲ್ಲಿ ಡಿಫರ್ಡ್ ಇರಲೇ ಇಲ್ಲ. 2019ರ ಸೆಪ್ಟೆಂಬರ್‌ನಿಂದ ಮೊದಲ ಸಲದವರಿಗೆ, ರಕ್ತದ ಮದ್ಯದ ಪ್ರಮಾಣ 0.15 ಮುಟ್ಟದಿದ್ದರೆ, ಸಿಗುತ್ತಿದೆ. ಆದರೆ ಅಂಥ ಬಂಧನವೊಂದೇ ಸಾಕು, ಪಾಸ್‌ಪೋರ್ಟಿನಲ್ಲಿರುವ ವೀಸಾವನ್ನು ವಿದೇಶಾಂಗ ಇಲಾಖೆ ರದ್ದು ಮಾಡಬಹುದು. ರದ್ದಾದ ವೀಸಾ ಹಿಡಿದು ತಂಗಿಯ ಮದುವೆಗೆಂದು ಬೆಂಗಳೂರಿಗೆ ಹೋದರೆ ವಾಪಸ್ ಬರಲು ಮತ್ತೆ ಕಾನ್ಸುಲೇಟಿನ ಕಿಟಕಿಯ ಮುಂದೆ ನಿಲ್ಲಬೇಕು. ಪ್ರೊಬೇಷನ್ ಅವಧಿಯಲ್ಲಂತೂ ಹೋಗಲಿಕ್ಕೇ ಅನುಮತಿ ಬೇಕಾಗುತ್ತದೆ.

ಗಂಡಹೆಂಡಿರ ಜಗಳದ ಬಗ್ಗೆ ಹೇಳದೆ ಇರಲಾರೆ, ಏಕೆಂದರೆ ನಮ್ಮವರು ಇದರ ಬಗ್ಗೆ ಯಾರ ಹತ್ತಿರವೂ ಬಾಯಿ ಬಿಡುವುದಿಲ್ಲ. 911ಗೆ ಕರೆ ಹೋಗುತ್ತದೆ, ಪೊಲೀಸರು ಬರುತ್ತಾರೆ, ಒಬ್ಬರನ್ನು ಕರೆದೊಯ್ಯುತ್ತಾರೆ. ಹೊಡೆತ ತಿಂದವಳಿಗೆ ಆ ಕರೆ ಜೀವ ಉಳಿಸುವ ಕರೆ. ಮಾಡಬೇಡಿ ಎಂದು ನಾನು ಯಾವತ್ತೂ ಹೇಳಲಾರೆ. ಆದರೆ ಕೇಸು ಒಮ್ಮೆ ಶುರುವಾದರೆ ಹೆಂಡತಿ ದೂರು ಹಿಂತೆಗೆದುಕೊಂಡರೂ ಪ್ರಾಸಿಕ್ಯೂಟರ್ ಮುಂದುವರಿಸಬಹುದು. ಇಲ್ಲಿ ಡಿಫರ್ಡ್ ತೆಗೆದುಕೊಂಡರೆ ಆ ದಾಖಲೆಯನ್ನು ಮುಂದೆ ಎಂದಿಗೂ ಸಾರ್ವಜನಿಕರ ಕಣ್ಣಿನಿಂದ ಮರೆಮಾಡಿಸಲಾಗದು, ಕೌಟುಂಬಿಕ ಹಿಂಸೆಯ ಕೇಸುಗಳಿಗೆ ಕಾನೂನು ಅದನ್ನು ನಿಷೇಧಿಸಿದೆ. ಮತ್ತೊಮ್ಮೆ ಅಂಥದ್ದೇ ಕೇಸಾದರೆ ಟೆಕ್ಸಾಸ್ ಕಾನೂನೇ ಹಳೆಯ ಡಿಫರ್ಡನ್ನು ಹಿಂದಿನ ಅಪರಾಧ ಎಂದು ಎಣಿಸಿ ಎರಡನೆಯದನ್ನು ಫೆಲನಿ ಮಾಡುತ್ತದೆ. ಎಚ್-4 ಮೇಲಿರುವ ಹೆಂಡತಿ ಮತ್ತು ಮಕ್ಕಳ ವೀಸಾ ಗಂಡನ ವೀಸಾಕ್ಕೆ ಅಂಟಿಕೊಂಡಿರುವುದರಿಂದ, ಅವನದು ಹೋದರೆ ಅವರದೂ ಹೋಗುತ್ತದೆ. ಹಿಂಸೆ ಅನುಭವಿಸುತ್ತಿರುವ ಹೆಣ್ಣುಮಕ್ಕಳು ಇದಕ್ಕೆ ಹೆದರಿ ಸುಮ್ಮನಾಗಬೇಡಿ. ನಿಮಗೇ ಪ್ರತ್ಯೇಕವಾಗಿ ಸಿಗುವ ರಕ್ಷಣೆಗಳಿವೆ, ನಿಮ್ಮದೇ ವಕೀಲರನ್ನು ಕಾಣಿ.

2010ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದ ಪಡಿಯಾ ಕೇಸಿನ ಕಥೆ ನಿಮಗೆ ತಿಳಿದಿರಬೇಕು. ಹೋಸೆ ಪಡಿಯಾ ಹೊಂಡುರಾಸ್‌ನಲ್ಲಿ ಹುಟ್ಟಿದವರು, 40 ವರ್ಷಕ್ಕೂ ಹೆಚ್ಚು ಕಾಲ ಅಮೆರಿಕದಲ್ಲಿ ಕಾನೂನುಬದ್ಧವಾಗಿ ಬಾಳಿದವರು, ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದವರು. ಕೆಂಟಕಿಯಲ್ಲಿ ಲಾರಿಯಲ್ಲಿ ಗಾಂಜಾ ಸಾಗಿಸಿದ ಆರೋಪ ಬಂತು. ಇಷ್ಟು ವರ್ಷದಿಂದ ಇಲ್ಲಿದ್ದೀರಿ, ಇಮಿಗ್ರೇಷನ್ ಬಗ್ಗೆ ಚಿಂತೆ ಬೇಡ ಎಂದು ಅವರ ವಕೀಲ ಹೇಳಿದ. ಅವರು ತಪ್ಪೊಪ್ಪಿಕೊಂಡರು. ಆ ತಪ್ಪೊಪ್ಪಿಗೆ ಅವರನ್ನು ಗಡೀಪಾರಿನ ಬಾಗಿಲಿಗೆ ತಂದು ನಿಲ್ಲಿಸಿತು. ತಪ್ಪೊಪ್ಪಿಗೆಯಿಂದ ಗಡೀಪಾರಿನ ಅಪಾಯವಿದೆಯೇ ಎಂದು ತಿಳಿಸುವುದು ಕ್ರಿಮಿನಲ್ ವಕೀಲನ ಕರ್ತವ್ಯ, ಅದು ಆರೋಪಿಯ ಸಾಂವಿಧಾನಿಕ ಹಕ್ಕು ಎಂದು ಸುಪ್ರೀಂ ಕೋರ್ಟು ಆಗ ಹೇಳಿತು. ಆದ್ದರಿಂದ ನಿಮ್ಮ ವಕೀಲರನ್ನು ಕೇಳುವುದು ಅಧಿಕಪ್ರಸಂಗವಲ್ಲ. ‘ಸರ್, ನಾನು ಎಫ್-1 ಮೇಲಿದ್ದೇನೆ, ಈ ಪ್ಲೀ ನನ್ನ ಸ್ಟೇಟಸ್‌ಗೆ ಏನು ಮಾಡುತ್ತದೆ, ಬರೆದು ಕೊಡಿ’ ಎಂದು ಕೇಳಿ. ನನಗೆ ಗೊತ್ತಿಲ್ಲ ಎಂದರೆ ಇಮಿಗ್ರೇಷನ್ ವಕೀಲರನ್ನು ಕಂಡು ಬರುವ ತನಕ ವಾಯಿದೆ ಮುಂದಕ್ಕೆ ಹಾಕಿಸಿ. ಟೆಕ್ಸಾಸ್ ಜಡ್ಜ್ ಕೂಡ ಪ್ಲೀ ತೆಗೆದುಕೊಳ್ಳುವ ಮುನ್ನ, ಪ್ರಜೆಯಲ್ಲದವರಿಗೆ ಇದರಿಂದ ಗಡೀಪಾರಾಗಬಹುದು ಎಂಬ ಎಚ್ಚರಿಕೆಯನ್ನು ಹೇಳುತ್ತಾರೆ. ಅದು ಶಾಸ್ತ್ರಕ್ಕೆ ಓದುವ ಸಾಲು ಎಂದುಕೊಂಡು ತಲೆಯಾಡಿಸಬೇಡಿ.

ಇನ್ನೊಂದನ್ನೂ ಕೇಳಿ: ಪ್ರಿಟ್ರಯಲ್ ಡೈವರ್ಷನ್ ಸಿಗುತ್ತದೆಯೇ? ಅಲ್ಲಿ ಕೋರ್ಟಿನಲ್ಲಿ ಪ್ಲೀ ಹಾಕದೆ, ಪ್ರಾಸಿಕ್ಯೂಟರ್ ಜೊತೆಗಿನ ಒಪ್ಪಂದದ ಷರತ್ತುಗಳನ್ನು ಪೂರೈಸಿ ಕೇಸು ಮುಗಿಸಿಕೊಳ್ಳಬಹುದು. ಮುಂದೆ ಎಕ್ಸ್‌ಪಂಕ್ಷನ್‌ಗೂ ದಾರಿಯಾಗಬಹುದು. ಒಂದೊಂದು ಕೌಂಟಿಯಲ್ಲಿ ಒಂದೊಂದು ರೀತಿ. ಆದರೆ ಅಲ್ಲೂ ಕಾಗದ ಓದದೆ ಸಹಿ ಹಾಕಬೇಡಿ. ಒಪ್ಪಂದದಲ್ಲಿ ತಪ್ಪನ್ನು ಒಪ್ಪಿಕೊಂಡ ಹೇಳಿಕೆ ಸೇರಿದ್ದು, ಅದಕ್ಕೆ ಜಡ್ಜ್ ಆದೇಶದ ಮುದ್ರೆ ಬಿದ್ದಿದ್ದರೆ ಅದೂ ಅಪರಾಧ ಸಾಬೀತಾದಂತೆಯೇ ಎಂದು 2017ರಲ್ಲಿ ವಲಸೆ ಮೇಲ್ಮನವಿ ಮಂಡಳಿ ಟೆಕ್ಸಾಸ್‌ನದೇ ಒಂದು ಕೇಸಿನಲ್ಲಿ ಹೇಳಿದೆ.

ಇಷ್ಟೆಲ್ಲ ಬರೆದ ಮೇಲೆ ಡಿಫರ್ಡ್ ಕೆಟ್ಟದ್ದು ಎಂಬ ಭಾವನೆ ಬಂದಿದ್ದರೆ ಅದು ಸರಿಯಲ್ಲ. ಮೈಕೇಲ್ ಮ್ಯೂಲರ್-ಸ್ಮಿತ್ ಮತ್ತು ಕೆವಿನ್ ಶ್ನೆಪೆಲ್ ಎಂಬ ಅರ್ಥಶಾಸ್ತ್ರಜ್ಞರು ಹ್ಯೂಸ್ಟನ್ ಇರುವ ಹ್ಯಾರಿಸ್ ಕೌಂಟಿಯಲ್ಲೇ, ಮೊದಲ ಸಲ ಫೆಲನಿ ಆರೋಪಕ್ಕೆ ಸಿಕ್ಕವರನ್ನು ಅಧ್ಯಯನ ಮಾಡಿದರು. ದೋಷಿ ಎಂಬ ತೀರ್ಪಿನಿಂದ ಪಾರಾಗಿ ಡಿಫರ್ಡ್‌ನಂಥ ದಾರಿ ಸಿಕ್ಕವರು ಮುಂದಿನ ಹತ್ತು ವರ್ಷದಲ್ಲಿ ಮತ್ತೆ ಅಪರಾಧಕ್ಕೆ ಇಳಿದದ್ದು ಅರ್ಧದಷ್ಟು ಕಡಿಮೆ; ಅವರ ಉದ್ಯೋಗದ ಪ್ರಮಾಣ ಶೇ. 50ರ ಹತ್ತಿರ ಹೆಚ್ಚು. ಒಂದು ತೀರ್ಪಿನ ಪದ ಮನುಷ್ಯನ ದುಡಿಮೆಯನ್ನು ಎಷ್ಟರಮಟ್ಟಿಗೆ ಕಟ್ಟಿಹಾಕುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ? ಇಲ್ಲೇ ಹುಟ್ಟಿದ ನಮ್ಮ ಮಕ್ಕಳ ಪಾಲಿಗೆ, ಅಂದರೆ ಅಮೆರಿಕದ ಪ್ರಜೆಗಳಾದವರ ಪಾಲಿಗೆ, ಅನೇಕ ಸಲ ಡಿಫರ್ಡ್ ನಿಜವಾಗಿಯೂ ಒಳ್ಳೆಯ ದಾರಿ. ಟೆಕ್ಸಾಸ್‌ನಲ್ಲಿ 17 ತುಂಬಿದವರನ್ನು ಕ್ರಿಮಿನಲ್ ಕೋರ್ಟು ವಯಸ್ಕರಂತೆಯೇ ನಡೆಸಿಕೊಳ್ಳುತ್ತದೆ ಎಂಬುದೂ ಅಂಥ ಮಕ್ಕಳ ಮನೆಯವರಿಗೆ ತಿಳಿದಿರಲಿ.

ಆದರೆ ಡಿಫರ್ಡ್ ಒಪ್ಪಿಕೊಂಡ ಮೇಲೆ ಅರ್ಧದಲ್ಲಿ ಎಡವಿದರೆ ಬೀಳುವ ಪೆಟ್ಟು ದೊಡ್ಡದು. ಷರತ್ತು ಮುರಿದರೆ ಜಡ್ಜ್ ದೋಷಿ ಎಂದು ತೀರ್ಪು ಬರೆದು, ಆ ಅಪರಾಧಕ್ಕಿರುವ ಗರಿಷ್ಠ ಶಿಕ್ಷೆಯವರೆಗೂ ಹೋಗಬಹುದು. ಎರಡನೇ ದರ್ಜೆಯ ಫೆಲನಿಗೆ ಅದು 20 ವರ್ಷ. ಹೊಸದಾಗಿ ವಿಚಾರಣೆ ನಡೆಸಿ ಎನ್ನುವಂತಿಲ್ಲ, ತಪ್ಪನ್ನು ಮೊದಲೇ ಒಪ್ಪಿಕೊಂಡಾಗಿದೆ. ಬೇರೆ ರಾಜ್ಯದಲ್ಲಿ ಪ್ರಾಜೆಕ್ಟ್ ಸಿಕ್ಕಿತು ಎಂದು ಅಧಿಕಾರಿಗೆ ಹೇಳದೆ ಹೊರಟುಬಿಟ್ಟರೆ ಅದೂ ಷರತ್ತು ಮುರಿದಂತೆ ಆಗಬಹುದು.

ಈಗಾಗಲೇ ಮುಗಿಸಿಕೊಂಡವರಿಗೆ ಒಂದು ಕೆಲಸ ಬಾಕಿ ಇದೆ, ಅದನ್ನು ಮಾಡದೆ ಬಿಟ್ಟವರು ಬಹಳ. ನಾನ್‌ಡಿಸ್‌ಕ್ಲೋಷರ್ ಎಂಬ ಆದೇಶ ಸಿಕ್ಕರೆ ಆ ದಾಖಲೆಯನ್ನು ಸಾರ್ವಜನಿಕರಿಗೆ, ಖಾಸಗಿ ಕಂಪನಿಗಳಿಗೆ ಕೊಡುವಂತಿಲ್ಲ. ಕಳ್ಳತನದಂಥ ಕೆಲವು ಸಣ್ಣ ಅಪರಾಧಗಳಲ್ಲಿ, ಮೊದಲ ಸಲದವರಿಗೆ ಕೋರ್ಟು ತಾನಾಗಿಯೇ ಇದನ್ನು ಕೊಡಬೇಕು ಎಂದು ಕಾನೂನು ಹೇಳುತ್ತದೆ. ಆದರೂ ಅರ್ಹತೆಯ ಪುರಾವೆ ಕೊಟ್ಟು 28 ಡಾಲರ್ ಶುಲ್ಕ ಕಟ್ಟಬೇಕು. ಕಟ್ಟದೆ ಕೂತರೆ ಆದೇಶ ತಾನಾಗಿ ಮನೆಗೆ ಬರುವುದಿಲ್ಲ. ಹಲ್ಲೆಯಂಥ ಕೆಲವು ಮಿಸ್‌ಡಿಮೀನರ್‌ಗಳಿಗೆ ಡಿಸ್ಮಿಸ್ ಆದ ಮೇಲೆ ಎರಡು ವರ್ಷ, ಫೆಲನಿಗೆ ಐದು ವರ್ಷ ಕಾದು ಅರ್ಜಿ ಹಾಕಬೇಕು. ಆದೇಶ ಕೈಗೆ ಬಂದ ಮೇಲೆ ಸಾಮಾನ್ಯ ಕೆಲಸದ ಅರ್ಜಿಯಲ್ಲಿ ಆ ಕೇಸನ್ನು ಹೇಳಬೇಕಾಗಿಲ್ಲ, ಇದು ಕಾನೂನೇ ಕೊಟ್ಟ ಹಕ್ಕು. ಆದರೆ ಪೊಲೀಸರಿಗೆ, ನರ್ಸಿಂಗ್ ಮತ್ತು ವೈದ್ಯಕೀಯ ಮಂಡಳಿಗಳಿಗೆ, ಶಾಲಾ ಜಿಲ್ಲೆಗಳಿಗೆ ಅದು ಇನ್ನೂ ಕಾಣುತ್ತದೆ. ಇಮಿಗ್ರೇಷನ್‌ಗೂ ಅಷ್ಟೇ. ಗ್ರೀನ್ ಕಾರ್ಡ್ ಅರ್ಜಿ, ಪೌರತ್ವದ ಅರ್ಜಿ, ವೀಸಾದ ಡಿಎಸ್-160 ಇವೆಲ್ಲ ‘ಎಂದಾದರೂ ಬಂಧನವಾಗಿತ್ತೇ’ ಎಂದು ಕೇಳುತ್ತವೆ. ಅಲ್ಲಿ ಹೌದು ಎಂದೇ ಬರೆಯಿರಿ. ಮುಚ್ಚಿಟ್ಟ ದಾಖಲೆಯೂ ಬೆರಳಚ್ಚಿನಿಂದ ಅವರಿಗೆ ಸಿಗುತ್ತದೆ; ಸಣ್ಣ ಕಳ್ಳತನಕ್ಕೆ ವಿನಾಯಿತಿ ಸಿಗಬಹುದಾಗಿದ್ದ ಕಡೆ ಸುಳ್ಳು ಹೇಳಿದ್ದಕ್ಕೆ ಬಾಗಿಲು ಮುಚ್ಚಿಹೋಗುತ್ತದೆ.

2025ರ ವಸಂತದಲ್ಲಿ ಏನಾಯಿತು ಎಂಬುದು ನಿಮ್ಮಲ್ಲಿ ಹಲವರಿಗೆ ನೆನಪಿದೆ. ಸುಮಾರು 13 ಲಕ್ಷ ವಿದೇಶಿ ವಿದ್ಯಾರ್ಥಿಗಳ ಹೆಸರನ್ನು ಪೊಲೀಸ್ ದಾಖಲೆಗಳ ಜೊತೆ ಹೋಲಿಸಿ, 6,400ರಷ್ಟು ಹೆಸರುಗಳು ಸಿಕ್ಕವು ಎಂದು ಸರ್ಕಾರದ ಅಧಿಕಾರಿಗಳೇ ಕೋರ್ಟಿಗೆ ತಿಳಿಸಿದರು. ಡಿಸ್ಮಿಸ್ ಆದ ಕೇಸಿನವರು, ಬರೀ ಟಿಕೆಟ್ ಪಡೆದವರು ಕೂಡ ಒಂದು ಬೆಳಿಗ್ಗೆ ಎದ್ದು ನೋಡಿದರೆ ವಿದೇಶಿ ವಿದ್ಯಾರ್ಥಿಗಳ ಸರ್ಕಾರಿ ಕಡತವಾದ ಸೆವಿಸ್‌ನಲ್ಲಿನ ದಾಖಲೆ ರದ್ದಾಗಿತ್ತು. ಕೋರ್ಟುಗಳು ತಡೆ ಕೊಟ್ಟ ಮೇಲೆ ಏಪ್ರಿಲ್ ಕೊನೆಯಲ್ಲಿ ಸರ್ಕಾರ ಹಿಂದೆ ಸರಿಯಿತು. ಆ ದಿನಗಳಲ್ಲಿ ಕೇಸಿನ ಆದೇಶದ ದೃಢೀಕೃತ ಪ್ರತಿ ಕೈಯಲ್ಲಿದ್ದ ಮಕ್ಕಳಿಗೂ ಇಲ್ಲದವರಿಗೂ ಇದ್ದ ವ್ಯತ್ಯಾಸವನ್ನು ನಾನು ಕಂಡೆ. ಆರೋಪಪಟ್ಟಿ, ಡಿಫರ್ಡ್ ಆದೇಶ, ಡಿಸ್ಮಿಸ್ ಆದೇಶ, ಇವುಗಳ ದೃಢೀಕೃತ ಪ್ರತಿಗಳನ್ನು ಇವತ್ತೇ ಕ್ಲರ್ಕ್ ಕಚೇರಿಯಿಂದ ತಂದು ಪಾಸ್‌ಪೋರ್ಟಿನ ಜೊತೆ ಇಡಿ. ದಾಖಲೆ ಹೇಗೆ ಕಾಣುತ್ತಿದೆ ಎಂದು ನೋಡಲು ಎಫ್‌ಬಿಐಗೆ ಬೆರಳಚ್ಚು ಕಳಿಸಿ ನಿಮ್ಮದೇ ವರದಿ ತರಿಸಿಕೊಳ್ಳಬಹುದು, ಶುಲ್ಕ 18 ಡಾಲರ್.

ಕೊನೆಗೆ ಕನ್ನಡ ಸಂಘಗಳ ಪದಾಧಿಕಾರಿಗಳಲ್ಲಿ ಒಂದು ಬೇಡಿಕೆ. ಯುಗಾದಿ, ರಾಜ್ಯೋತ್ಸವ, ದಾಸರ ದಿನ ಎಲ್ಲವನ್ನೂ ನೀವು ಅಕ್ಕರೆಯಿಂದ ನಡೆಸುತ್ತೀರಿ. ವರ್ಷಕ್ಕೆ ಒಂದು ಮಧ್ಯಾಹ್ನ ಒಬ್ಬ ಕ್ರಿಮಿನಲ್ ವಕೀಲರನ್ನೂ ಒಬ್ಬ ಇಮಿಗ್ರೇಷನ್ ವಕೀಲರನ್ನೂ ಒಟ್ಟಿಗೆ ಕರೆಸಿ, ಆಗಸ್ಟ್‌ನಲ್ಲಿ ಹೊಸ ವಿದ್ಯಾರ್ಥಿಗಳು ಬಂದಿಳಿಯುವ ಹೊತ್ತಿಗೆ. ಅರ್ಧ ರಾತ್ರಿ ಫೋನ್ ಮಾಡಬಹುದಾದ ಇಬ್ಬರ ನಂಬರನ್ನು ಸ್ವಾಗತದ ಕಾಗದದಲ್ಲಿ, ದಿನಸಿ ಅಂಗಡಿ ಮತ್ತು ದೇವಸ್ಥಾನದ ವಿಳಾಸದ ಕೆಳಗೆ ಹಾಕಿ. ಫೋನ್ ಮಾಡಿದವರ ಹೆಸರು ಕಮಿಟಿಯಿಂದ ಹೊರಗೆ ಹೋಗುವುದಿಲ್ಲ ಎಂದು ಅದರಲ್ಲೇ ಬರೆಯಿರಿ. ಮರ್ಯಾದೆ ಹೋದೀತು ಎಂಬ ಹೆದರಿಕೆಗೆ ನಮ್ಮ ಮಕ್ಕಳು ಸಂಘದವರಿಗೆ ಹೇಳದೆ, ಮನೆಯವರಿಗೆ ಹೇಳದೆ, ಒಬ್ಬರೇ ಕೋರ್ಟಿಗೆ ಹೋಗಿ ಸಹಿ ಹಾಕಿ ಬರುತ್ತಿದ್ದಾರೆ. ಬರುವ ಆಗಸ್ಟ್‌ನಲ್ಲಿ ಇದನ್ನು ಶುರು ಮಾಡುವ ಸಂಘಕ್ಕೆ ಸಭಾಂಗಣ ಹುಡುಕುವುದು, ವಕೀಲರ ಜೊತೆ ಮಾತಾಡುವುದು, ಕುರ್ಚಿ ಹಾಕುವುದು, ಯಾವ ಕೆಲಸಕ್ಕಾದರೂ ನಾನು ಬರುತ್ತೇನೆ.

ಇಂತಿ,
ನಿಮ್ಮ ಹಿತೈಷಿ,
ಉತ್ತರ ಟೆಕ್ಸಾಸ್‌ನ ಒಬ್ಬ ಕನ್ನಡತಿ